ಜ್ವರ ಬರುತ್ತದೆ ಎಂದು ಮೊದಲೇ ಹೇಳಬೇಕಿತ್ತು

ನಾನು ಬಿಟ್ಟು ಬಂದ ಉಪಕೇಂದ್ರಕ್ಕೆ ಈಗ ಹೊಸ ಹುಡುಗಿಯೊಬ್ಬಳು ಸಿಸ್ಟರ್ ಆಗಿ ಬಂದಿದ್ದಾಳೆ. ಮೊನ್ನೆ ಫೋನು ಮಾಡಿ, "ಅಮ್ಮಾರ, ಈ ಕೆಲಸಕ್ಕ ಮುಖ್ಯ ಏನು ಬೇಕಾಗ್ತೈತ್ರಿ?" ಎಂದು ಕೇಳಿದಳು. ಪಾಪ, ದೊಡ್ಡ ಮಾತೇನಾದರೂ ಬಂದೀತೆಂದು ಪೆನ್ನು ಹಿಡಿದು ಕೂತಿದ್ದಳೇನೋ. "ಗಟ್ಟಿ ಚಪ್ಪಲಿ" ಎಂದೆ. ಆಕೆ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕಿದ್ದೇನೆ. ಸರ್ಕಾರದ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿತ್ತು. ಊರಲ್ಲಿ ಮಾತ್ರ ನಾನು ಸೂಜಿ ಶಾಂತಮ್ಮ. ನಾನು ಓಣಿಯ ಬಾಯಿಗೆ ಬಂದರೆ ಆಡುತ್ತಿದ್ದ ಮಕ್ಕಳು ಮಂಗಮಾಯ. ಊಟ ಒಲ್ಲೆನೆಂದು ಹಟ ಹಿಡಿದ ಕೂಸಿಗೆ ತಾಯಂದಿರು, "ಶಾಂತಮ್ಮ ಸಿಸ್ಟರ್‌ನ ಕರೀಲೇನು?" ಎಂದು ಹೆದರಿಸುತ್ತಿದ್ದರು. ನನ್ನ ಹೆಸರು ಹೇಳಿ ಎಷ್ಟು ಮಕ್ಕಳು ರೊಟ್ಟಿ ಉಂಡಿದ್ದಾರೋ! ಆಮೇಲೆ ಅದೇ ತಾಯಂದಿರು ಲಸಿಕೆಯ ದಿನ ಬಂದು, "ನಮ್ಮ ಹುಡುಗ ನಿಮ್ಮನ್ನ ನೋಡಿದ್ರ ಅಳ್ತಾನ್ರಿ ಸಿಸ್ಟರ್, ಯಾಕಂತ ಗೊತ್ತಿಲ್ಲ" ಎನ್ನುತ್ತಿದ್ದರು.

ಹೊಸಬರಿಗೆ ಲಸಿಕೆಯ ಪಟ್ಟಿ ಬಾಯಿಪಾಠವಿರುತ್ತದೆ. ಹುಟ್ಟಿದ ಕೂಡಲೇ ಕೆಲವು, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಮೂರು ಸುತ್ತು, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ್ದು, ಒಂದೂವರೆ ವರ್ಷಕ್ಕೆ ಮತ್ತೆ, ಐದಕ್ಕೆ ಇನ್ನೊಂದು. ಪಟ್ಟಿ ಸರಿಯಾಗಿಯೇ ಇದೆ. ಆದರೆ ನಾನು ಮೊದಲು ಕೆಲಸಕ್ಕೆ ಸೇರಿದ ಬಳಗಾನೂರಿನ ಕಡೆ, ಕೂಸು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, "ಕಾಲುವಿಗೆ ನೀರು ಬಿಟ್ಟ ಮರುವಾರ" ಎನ್ನುವವರು. "ನಾಟಿ ಹಚ್ಚಾಕ ಹೋದಾಗ ಬ್ಯಾನಿ ಬಂತ್ರಿ, ಯಾವ ವಾರ ಅಂತ ನೆನಪಿಲ್ಲ" ಎನ್ನುವವರು. ಹೀಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ ಕಾಲುವೆಯ ನೀರು, ಭತ್ತದ ಕೊಯ್ಲು, ಅಮಾವಾಸ್ಯೆ ಎಲ್ಲ ಬರೆದುಕೊಂಡಿದ್ದೆ. ಅದನ್ನು ನೋಡಿದ ಒಬ್ಬ ಅಧಿಕಾರಿ, ನಾನು ಹೊಲ ಪಾಲಿಗೆ ಮಾಡಿದ್ದೇನೆ ಎಂದೇ ತಿಳಿದಿದ್ದರು.

ನನ್ನ ಮೊದಲ ದೊಡ್ಡ ತಪ್ಪು ಐಸಿನದು. ಲಸಿಕೆಯ ಸೀಸೆಗಳನ್ನು ತಣ್ಣಗಿಡಲು ಡಬ್ಬಿಯ ಸುತ್ತ ಐಸ್ ಪ್ಯಾಕ್ ಇಡುತ್ತೇವೆ. ಆ ಪ್ಯಾಕ್‌ಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ಇಡಬಾರದು. ಹೊರಗಿಟ್ಟು, ಒಳಗೆ ಸ್ವಲ್ಪ ನೀರಾಗುವ ತನಕ ಕಾಯಬೇಕು. ಇಲ್ಲದಿದ್ದರೆ ಕೆಲವು ಲಸಿಕೆ ಹೆಪ್ಪುಗಟ್ಟಿ ಕೆಟ್ಟುಹೋಗುತ್ತವೆ. ತರಬೇತಿಯಲ್ಲಿ ಇದನ್ನು ಹೇಳಿದಾಗ ನಾನು ತಲೆ ಅಲ್ಲಾಡಿಸಿದ್ದೆ. ಒಂದು ಗುರುವಾರ ಬಸ್ಸು ತಪ್ಪೀತೆಂಬ ಅವಸರದಲ್ಲಿ ಕಲ್ಲಿನಂಥ ಪ್ಯಾಕ್‌ಗಳನ್ನೇ ತುರುಕಿಕೊಂಡು ಓಡಿದೆ. ಊರಿನಲ್ಲಿ ಹದಿನಾಲ್ಕು ತಾಯಂದಿರು ಕೂತಿದ್ದರು. ಅಷ್ಟರಲ್ಲಿ ನನ್ನ ಮೇಲ್ವಿಚಾರಕಿ ಸುಶೀಲಾ ಮೇಡಂ ಬಂದರು. ಡಬ್ಬಿ ತೆರೆದು ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದರು. ಒಳಗೆ ಗಟ್ಟಿ ಬಿಳಿ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗು, ನೀನ ಹೇಳು ಅವರಿಗೆ" ಎಂದರು. ಕೂಲಿ ಬಿಟ್ಟು ಬಂದ ಆ ಹದಿನಾಲ್ಕು ಮಂದಿಯ ಮುಂದೆ ನಿಂತು, ಔಷಧ ಕೆಟ್ಟಿದೆ, ನನ್ನ ತಪ್ಪಿನಿಂದ ಕೆಟ್ಟಿದೆ, ಮುಂದಿನ ವಾರ ಬನ್ನಿ ಎಂದು ಹೇಳಿದೆ. ಅವರು ಗೊಣಗುತ್ತ ಹೋದರು. ಆಮೇಲೆ ಮೇಡಂ ಒಂದು ಐಸ್ ಪ್ಯಾಕನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಏನಂತೈತಿ?"

"ಏನೂ ಅನ್ನವಲ್ದ್ರಿ ಮೇಡಂ."

"ಗುಳುಗುಳು ಅನ್ನೋತನಕ ಹೊರಗ ಇಡಬೇಕು. ಮಾತಾಡದಿದ್ದ ಐಸನ್ನ ಡಬ್ಬಿಗೆ ಹಾಕಬ್ಯಾಡ."

ಅಂದಿನಿಂದ ಪ್ರತಿ ಗುರುವಾರ ಬೆಳಿಗ್ಗೆ ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಐಸ್ ಪ್ಯಾಕನ್ನು ಕಿವಿಗಿಟ್ಟುಕೊಂಡು ಕೂರುತ್ತಿದ್ದೆ. ಬಸ್ಸಿನ ಕಂಡಕ್ಟರ್ ಇಣುಕಿ, "ಸಿಸ್ಟರ್, ಫೋನ್ ಇಡ್ರಿ, ಬಸ್ ಬಿಡ್ತೀವಿ" ಎಂದು ಕೂಗುತ್ತಿದ್ದ.

ವರ್ಷಗಳು ಕಳೆದು ನನಗೆ ಮಸ್ಕಿಯ ಹತ್ತಿರದ ಒಂದು ಹಳ್ಳಿಗೆ ವರ್ಗವಾಯಿತು. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ನನಗೆ ಫೋನು ಮಾಡುತ್ತಾರೆ. ಆ ಹೊತ್ತಿಗೆ ನಾನು ನುರಿತವಳಾಗಿದ್ದೆ. ಅಂದರೆ ಅವಸರದಲ್ಲಿ ತಪ್ಪು ಮಾಡಿದರೂ ಮುಖದಲ್ಲಿ ತೋರಿಸದಷ್ಟು ಪಳಗಿದ್ದೆ. ಅಲ್ಲಿನ ಆಶಾ ಕಾರ್ಯಕರ್ತೆ ಖಾಜಾಬಿ. ಆಕೆಗೆ ಊರಿನ ಪ್ರತಿ ಬಸುರಿಯೂ ಗೊತ್ತು, ಪ್ರತಿ ಅತ್ತೆಯ ಸಿಟ್ಟೂ ಗೊತ್ತು.

ಒಂದು ಲಸಿಕೆಯ ದಿನ ಅಂಗನವಾಡಿಯಲ್ಲಿ ಸಂತೆಯಂಥ ಗದ್ದಲ. ರೇಣುಕಾ ಎಂಬ ಹುಡುಗಿ ತನ್ನ ಒಂದೂವರೆ ತಿಂಗಳ ಮಗ ಮೌನೇಶನನ್ನು ತಂದಳು. ತೊಡೆಗೆ ಸೂಜಿ ಹಾಕಿದೆ, ಬಾಯಿಗೆ ಹನಿ ಬಿಟ್ಟೆ, ಕಾರ್ಡಿನಲ್ಲಿ ಬರೆದೆ, "ಮುಂದಿನವರು ಬರ್ರಿ" ಎಂದೆ. ನಾವು ಪ್ರತಿ ತಾಯಿಗೂ ನಾಲ್ಕು ಮಾತು ಹೇಳಬೇಕು: ಯಾವ ಲಸಿಕೆ ಹಾಕಿದ್ದೇವೆ, ಏನಾಗಬಹುದು ಮತ್ತು ಆದರೆ ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು, ಕಾರ್ಡು ಜೋಪಾನ. ಅಂದು ನಾನು ಕಡೆಯ ಎರಡು ಮಾತ್ರ ಹೇಳಿದೆ.

ಮೌನೇಶನಿಗೆ ಜ್ವರ ಬಂತು. ಕೂಸುಗಳಿಗೆ ಆ ಲಸಿಕೆಯ ನಂತರ ಬರುವಂಥದೇ ಜ್ವರ. ತೊಡೆ ಸ್ವಲ್ಪ ಬಾತಿತು. ಎರಡು ದಿನದಲ್ಲಿ ಹುಡುಗ ಸರಿಹೋದ. ಆದರೆ ಆ ಮನೆಯಲ್ಲಿ ಅದು ಯಾರಿಗೆ ಗೊತ್ತಿತ್ತು? ಮೌನೇಶನ ಅಜ್ಜಿ ದುರುಗಮ್ಮ ಎರಡು ದಿನವೂ ಕೂಸನ್ನು ತೊಡೆಯಿಂದ ಇಳಿಸಲಿಲ್ಲವಂತೆ. ಮುಂದಿನ ತಿಂಗಳು ನಾನೂ ಖಾಜಾಬಿಯೂ ಅವರ ಬಾಗಿಲಿಗೆ ಹೋದಾಗ ದುರುಗಮ್ಮಜ್ಜಿ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಒಮ್ಮೆ ಕೂಸು ಸಾಯೋಹಂಗ ಮಾಡಿದ್ದು ಸಾಲ್ದೇನಬೇ ನಿನಗ? ಡಬ್ಬಿ ತಗೊಂಡು ನಡಿ."

ಬಾಗಿಲು ಮುಚ್ಚಿತು. ಆಕೆಯದು ಒಂದೇ ಮನೆಯಾಗಿದ್ದರೆ ನಾನು ಸಹಿಸುತ್ತಿದ್ದೆ. ಆದರೆ ಆ ಓಣಿಯಲ್ಲಿ ಅರ್ಧ ಮಕ್ಕಳ ಹೆರಿಗೆಯಲ್ಲಿ ದುರುಗಮ್ಮಜ್ಜಿಯ ಕೈ ಇತ್ತು. ಆಕೆಯ ಮಾತು ನಮ್ಮ ಕರಪತ್ರಕ್ಕಿಂತ ಬೇಗ ಓಡುತ್ತಿತ್ತು. ಒಂದೆರಡು ತಿಂಗಳಲ್ಲಿ ಓಣಿಗೆ ಓಣಿಯೇ ಲಸಿಕೆಗೆ ಬರುವುದನ್ನು ನಿಲ್ಲಿಸಿತು. ಖಾಜಾಬಿ ರಿಜಿಸ್ಟರಿನ ಖಾಲಿ ಚೌಕಗಳನ್ನು ತೋರಿಸಿ, "ಅಕ್ಕಾ, ನಮ್ದು ಹಾಲತ್ ಖರಾಬ್ ಐತಿ" ಎಂದಳು.

ಸುಶೀಲಾ ಮೇಡಂ ಜೀಪಿನಲ್ಲಿ ಬಂದರು. ನಿವೃತ್ತಿಗೆ ಹತ್ತಿರವಾಗಿದ್ದರೂ ಚಿತ್ರಗಳ ದೊಡ್ಡ ಪುಸ್ತಕ ತೆರೆದು, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಎಂದು ಒಂದೊಂದನ್ನೇ ಬಣ್ಣಿಸಿದರು. ದುರುಗಮ್ಮಜ್ಜಿ ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಇವೆಲ್ಲ ರೋಗ ನಿಮ್ಮ ಜೀಪಿನ್ಯಾಗ ಬಂದಾವೇನ್ರಿ? ನಮ್ಮ ಓಣ್ಯಾಗಂತೂ ಇದ್ದಿದ್ದಿಲ್ಲ." ಜನ ನಕ್ಕರು. ಮೇಡಂ ಜೀಪು ಹತ್ತುವಾಗ ನನಗೆ ಹೇಳಿದರು, "ಮುದುಕಿ ಹೇಳೋದು ಖರೆ ಐತಿ. ರೋಗ ಕಾಣದಂಗ ಮಾಡೀವಿ, ಈಗ ಅದಕ್ಕ ಅನುಭವಿಸಾಕತ್ತೀವಿ."

ಆಮೇಲೆ ನಾನು ಮಾಡಿದ್ದು ಹೇಳಲು ನಾಚಿಕೆಯಾಗುತ್ತದೆ. ಯಾರೋ ಸಲಹೆ ಕೊಟ್ಟರೆಂದು, ಲಸಿಕೆ ಹಾಕಿಸದಿದ್ದರೆ ರೇಷನ್ ನಿಲ್ಲುತ್ತದೆ ಎಂದು ಓಣಿಯಲ್ಲಿ ಹೆದರಿಸಿದೆ. ಅದು ಶುದ್ಧ ಸುಳ್ಳು. ದುರುಗಮ್ಮಜ್ಜಿ ನೆಟ್ಟಗೆ ನ್ಯಾಯಬೆಲೆ ಅಂಗಡಿಗೆ ಹೋಗಿ ಕೇಳಿ, ಅಕ್ಕಿಯನ್ನೂ ಹೊತ್ತುಕೊಂಡು, ಬರುವ ದಾರಿಯಲ್ಲಿ ನನ್ನ ಮುಂದೆ ಚೀಲ ಇಳಿಸಿದಳು. "ತಗೊ, ನಿಲ್ಲಿಸು" ಎಂದಳು. ಹೊಸ ಹುಡುಗಿಯರೇ, ಇದೊಂದನ್ನು ಎಂದೂ ಮಾಡಬೇಡಿ. ಅಲ್ಪಸ್ವಲ್ಪ ಉಳಿದಿದ್ದ ನಂಬಿಕೆಯನ್ನೂ ಅಂದು ನಾನೇ ಕೈಯಾರೆ ಕಳೆದೆ.

ಖಾಜಾಬಿಯೇ ದಾರಿ ತೋರಿಸಿದಳು. "ಅಕ್ಕಾ, ಡಬ್ಬಿ ಬಿಟ್ಟು ಬರ್ರಿ. ಡಬ್ಬಿ ನೋಡಿದ್ರ ಅಜ್ಜಿಗೆ ಸಿಟ್ಟು ಬರ್ತೈತಿ."

ಡಬ್ಬಿ ಇಲ್ಲದೆ ಹೋದೆ. ಅಜ್ಜಿ ನನ್ನ ಎರಡೂ ಕೈ ನೋಡಿ, ಬೆನ್ನ ಹಿಂದೆಯೂ ಇಣುಕಿ, ಮೊರದ ತುಂಬ ತೊಗರಿ ಕೊಟ್ಟು ಹಸನು ಮಾಡಲು ಕೂರಿಸಿದಳು. ಮತ್ತೊಂದು ದಿನ ಮೆಣಸಿನಕಾಯಿಯ ತೊಟ್ಟು ಮುರಿಸಿದಳು. ಲಸಿಕೆಯ ಮಾತು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ನಾಲ್ಕನೆಯ ಸಲವೋ ಐದನೆಯ ಸಲವೋ, ಕೈಯೆಲ್ಲ ಖಾರ ಉರಿಯುತ್ತಿದ್ದಾಗ, ನಾನು ಹೇಳಿದೆ: "ಅಜ್ಜಿ, ಅವತ್ತು ತಪ್ಪು ನಂದು. ಜ್ವರ ಬರ್ತೈತಿ, ಅಂಜಬ್ಯಾಡ್ರಿ ಅಂತ ಹೇಳಬೇಕಿತ್ತು. ಔಷಧಾನೂ ಕೊಡಬೇಕಿತ್ತು. ಗದ್ದಲದಾಗ ಹೇಳಲಿಲ್ಲ."

ಅಜ್ಜಿಯ ಕೈ ನಿಂತಿತು. "ಅಂದ್ರ ಜ್ವರ ಬರ್ತೈತಿ ಅಂತ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳಲಿಲ್ಲ." ಆಕೆ ಎದ್ದು ನಿಂತಳು. "ಎರಡು ದಿನ ಕೂಸಿನ ಎದಿ ಮ್ಯಾಲ ಕೈ ಇಟ್ಗೊಂಡು ಕುಂತಿದ್ದೆ ನಾನು. ಉಸಿರು ಐತೋ ಇಲ್ಲೋ ಅಂತ." ಅಷ್ಟು ಹೇಳಿ ಒಳಗೆ ಹೋದಳು. ಹೊರಗೆ ಬರಲಿಲ್ಲ. ನಾನು ಉಳಿದ ಮೆಣಸಿನಕಾಯಿಯ ತೊಟ್ಟು ಮುರಿದಿಟ್ಟು ಎದ್ದು ಬಂದೆ. ಆ ದಿನ ನನಗೆ ತಿಳಿಯಿತು, ಆಕೆಯ ಸಿಟ್ಟು ಸೂಜಿಯ ಮೇಲೆ ಇರಲಿಲ್ಲ.

ಅಷ್ಟರಲ್ಲಿ ರೇಣುಕಾ ಎರಡನೆಯ ಹೆರಿಗೆಗೆ ಲಿಂಗಸುಗೂರಿನ ತವರಿಗೆ ಹೋಗಿ ಹೆಣ್ಣು ಕೂಸು ಎತ್ತಿಕೊಂಡು ಬಂದಳು. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ನನಗೂ ಖಾಜಾಬಿಗೂ, ಕೊಡದ ಮರೆಯಲ್ಲಿ, ಒಂದು ಕಾರ್ಡು ತೋರಿಸಿದಳು. ಕೂಸಿಗೆ ಅಲ್ಲಿಯೇ ಮೂರೂ ಸುತ್ತು ಆಗಿತ್ತು. ಆಮೇಲೆ ಅಪ್ಪನಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿ ಒಂಬತ್ತು ತಿಂಗಳ ದಡಾರದ ಲಸಿಕೆಯನ್ನೂ ಹಾಕಿಸಿಕೊಂಡು ಬಂದಳು. ಆಕೆಯ ಅಪ್ಪ ಕಲ್ಲುಗುಂಡಿನಂತೆ ಇದ್ದ. ಕಾರ್ಡು ಮಾತ್ರ ಟ್ರಂಕಿನಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ.

"ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ, ಮನಿ ರಣರಂಗ ಆಗ್ತೈತಿ" ಎಂದು ರೇಣುಕಾ ನನ್ನ ಕೈ ಹಿಡಿದಳು. ಹೇಳುವುದಿಲ್ಲ ಎಂದೆ. ಮಾತು ಕೊಟ್ಟಿದ್ದು ಸರಿಯೇ. ಆದರೆ ಮತ್ತೆ ಆ ಅಜ್ಜಿಗೆ ಗೊತ್ತಿರದ ಒಂದು ಸಂಗತಿ ನನಗೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಓಣಿಗೆ ದಡಾರ ಬಂತು. ಅಜ್ಜಿಯ ಪಕ್ಕದ ಮನೆಯ ಮೂರು ವರ್ಷದ ಹುಡುಗಿಗೆ ಮೊದಲು ಜ್ವರ, ಕೆಮ್ಮು, ಕೆಂಪು ಕಣ್ಣು. ಆಮೇಲೆ ಮುಖದಿಂದ ಮೈಗೆ ಇಳಿದ ಗುಳ್ಳೆ. "ಅಮ್ಮ ಬಂದಾಳ" ಎಂದು ಬೇವಿನ ಸೊಪ್ಪು ಕಟ್ಟಿದರು. ನಾನು ಸೊಪ್ಪನ್ನು ಬಿಚ್ಚಿಸಲಿಲ್ಲ. "ಅಮ್ಮ ಇರಲಿ, ಆದ್ರ ಕೂಸಿಗೆ ಉಸಿರಾಡಾಕ ಆಗವಲ್ದು, ಪಕ್ಕೆ ಒಳಗ ಹೋಗಾಕತ್ತಾವ, ನಡೀರಿ" ಎಂದು ಆಂಬುಲೆನ್ಸ್ ಕರೆಸಿ ಸಿಂಧನೂರಿಗೆ ಕಳಿಸಿದೆ. ಖಾಜಾಬಿ ಜೊತೆಗೆ ಹೋದಳು. ಹುಡುಗಿಗೆ ನ್ಯುಮೋನಿಯಾ ಆಗಿತ್ತು. ಬದುಕಿ ಬಂದಳು, ಆದರೆ ಗಾಡಿಯಿಂದ ಇಳಿಸಿದಾಗ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಷ್ಟು ಬಡಕಲಾಗಿದ್ದಳು.

ಮರುದಿನ ಬೆಳಿಗ್ಗೆ ಡಬ್ಬಿಯೊಂದಿಗೆ ಓಣಿಯ ಕಟ್ಟೆಯ ಮೇಲೆ ಕೂತೆ. ಮೊದಲು ಬಂದವಳು ದುರುಗಮ್ಮಜ್ಜಿ. ಕಂಕುಳಲ್ಲಿ ಹೆಣ್ಣು ಕೂಸು. ಹಿಂದೆ ರೇಣುಕಾ, ಬಿಳಿಚಿದ ಮುಖ.

"ಹಾಕು" ಎಂದಳು ಅಜ್ಜಿ. "ನನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲ ತೀರಿಸಬ್ಯಾಡ. ಹಾಕು."

ಕೂಸಿಗೆ ಲಸಿಕೆಯಾಗಿ ತಿಂಗಳೂ ಕಳೆದಿರಲಿಲ್ಲ. ಹಾಕಿದಂತೆ ನಟಿಸಲೇ? ಮಾತು ಮುರಿದು ಹೇಳಿಬಿಡಲೇ? ಸಿರಿಂಜು ಕೈಯಲ್ಲಿ ಹಿಡಿದು, ಕವರು ಹರಿಯದೆ, ನಾನು ರೇಣುಕಾಳ ಮುಖ ನೋಡಿದೆ. ಅಜ್ಜಿ ನನ್ನ ಮುಖ ನೋಡಿದಳು. "ಯಾಕಬೇ, ಔಷಧ ಖಾಲಿಯಾತೇನು?"

"ಅಜ್ಜಿ, ಇದಕ್ಕ ಈಗ ಬ್ಯಾಡ" ಎಂದೆ.

"ಯಾಕ ಬ್ಯಾಡ?"

ರೇಣುಕಾ ಹೇಳಿದಳು. "ಅತ್ತಿ, ನಾನು ಹಾಕ್ಸೀನಿ. ಲಿಂಗಸೂರಾಗ."

ಖಾಜಾಬಿ ಮೆಲ್ಲಗೆ ರಿಜಿಸ್ಟರನ್ನು ಎದೆಗೆ ಅಡ್ಡ ಹಿಡಿದಳು, ಏಟು ಬಿದ್ದರೆ ಅದಕ್ಕೇ ಬೀಳಲಿ ಎಂಬಂತೆ. ಅಜ್ಜಿ ಸೊಸೆಯನ್ನು ನೋಡಿದಳು, ಕೂಸನ್ನು ನೋಡಿದಳು, ಆಮೇಲೆ ಕೇಳಿದಳು:

"ಜ್ವರ ಬಂದಿತ್ತೇನು?"

"ಒಂದೂವರಿ ತಿಂಗಳಿಂದು ಹಾಕಿದಾಗ ಬಂದಿತ್ತು. ಅಲ್ಲಿ ಸಿಸ್ಟರ್ ಮೊದ್ಲ ಹೇಳಿದ್ರು."

"ನೀ ಅಂಜಲಿಲ್ಲ?"

"ಅಂಜಿದ್ದೆ. ಆದ್ರ ಅವ್ವ ಜೊತಿಗಿದ್ಲು."

ಆ ಮಾತು ಅಜ್ಜಿಗೆ ನಾಟಿತು. ಸೊಸೆ ತನಗೆ ಹೇಳದೆ ತವರಿನ ಅವ್ವನ ಜೊತೆ ಅಂಜಿದಳಲ್ಲ ಎಂಬುದು ಮುಖದಲ್ಲಿ ಕಂಡಿತು. ಸ್ವಲ್ಪ ಹೊತ್ತು ಸೆರಗಿನಿಂದ ಕೂಸಿನ ಮೂಗು ಒರೆಸಿದಳು, ಮೂಗು ಸ್ವಚ್ಛವಾಗಿಯೇ ಇತ್ತು. ಆಮೇಲೆ ಕೂಸನ್ನು ರೇಣುಕಾಳ ಕೈಗೆ ಕೊಟ್ಟು, "ಮುಂದಿನ ಸಲ ನಾನೂ ಬರ್ತೀನಿ" ಎಂದಳು. ನನ್ನ ಕಡೆ ತಿರುಗಿ, "ಮತ್ತ ಮೌನೇಶಂದು?" ಎಂದಳು.

ಮೌನೇಶನಿಗೆ ಎರಡೂವರೆ ವರ್ಷ. ಮಾತು ಪೂರ್ತಿ ಅರ್ಥವಾಗುವ ವಯಸ್ಸು. ಆತ ಆಗಲೇ ಓಟ ಕಿತ್ತಿದ್ದ. ಮುಂದೆ ಮೌನೇಶ, ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಖಾಜಾಬಿ, ಅವಳ ಹಿಂದೆ ಓಣಿಯ ಎರಡು ನಾಯಿ. ಕೊನೆಗೆ ಎಮ್ಮೆಯ ಗೋದಲಿಯೊಳಗೆ ಮೇವು ಮುಚ್ಚಿಕೊಂಡು ಕೂತವನನ್ನು ಅಜ್ಜಿ ಕಾಲು ಹಿಡಿದು ಎಳೆದಳು. ಒಂದು ಕೈಗೆ ದಡಾರದ್ದು, ತೊಡೆಗೆ ತಪ್ಪಿದ ಸುತ್ತಿನದು. ಈ ಸಲ ನಾಲ್ಕು ಮಾತನ್ನೂ ಬಿಡಿಸಿ ಹೇಳಿದೆ. ಜ್ವರ ಬರುತ್ತದೆ, ಅಂಜಬೇಡಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಔಷಧ ಇಷ್ಟು, ಸೂಜಿ ಹಾಕಿದ ಜಾಗ ತಿಕ್ಕಬೇಡಿ. ಅಜ್ಜಿ ಮೂರು ಸಲ ಹೇಳಿಸಿಕೊಂಡಳು. ಅವತ್ತು ಓಣಿಯ ಹತ್ತೊಂಬತ್ತು ಮಕ್ಕಳಿಗೆ ಲಸಿಕೆ ಹಾಕಿದೆ.

ಮರುದಿನ ಬೆಳಿಗ್ಗೆ ಉಪಕೇಂದ್ರದ ಬಾಗಿಲು ತೆಗೆಯುವ ಮೊದಲೇ ದುರುಗಮ್ಮಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಓಡುತ್ತ ಹೋಗಿ ಕೇಳಿದೆ, "ಏನಾತು ಅಜ್ಜಿ?"

"ಜ್ವರಾನ ಬಂದಿಲ್ಲ!" ಎಂದಳು ಸಿಟ್ಟಿನಿಂದ. "ಬರ್ತೈತಿ ಅಂದಿದ್ದಿಯಲ್ಲ? ದಾರಿ ನೋಡಿ ನೋಡಿ ಸಾಕಾತು. ನೀರು ಗೀರು ಹಾಕೀಯೇನು?"

ಕೆಲವರಿಗೆ ಬರುವುದಿಲ್ಲ ಎಂದು ತಿಳಿಹೇಳಲು ಅರ್ಧ ತಾಸು ಹಿಡಿಯಿತು. ಅಂದಿನಿಂದ ಆಕೆ ನನ್ನ ಮೇಲಿನ ಅಧಿಕಾರಿಯಾದಳು. ಪ್ರತಿ ಲಸಿಕೆಯ ದಿನ ಕಟ್ಟೆಯ ಮೇಲೆ ಕೂತು, "ಜ್ವರದ ಮಾತು ಹೇಳ್ದಿ? ಆ ಹುಡುಗಿಗೆ ಹೇಳಲಿಲ್ಲ ನೋಡು" ಎಂದು ತಿದ್ದುತ್ತಿದ್ದಳು. ನಾಟಿಯ ಕಾಲದಲ್ಲಿ ತಾಯಂದಿರು ಬೆಳಕು ಹರಿಯುವ ಮೊದಲೇ ಟಂಟಂ ಆಟೋ ಹತ್ತಿ ಗದ್ದೆಗೆ ಹೋಗುತ್ತಾರೆ, ಹತ್ತು ಗಂಟೆಗೆ ನಾವು ಡಬ್ಬಿ ತೆರೆದರೆ ಯಾರೂ ಇರುವುದಿಲ್ಲ ಎಂದು ಹೇಳಿದವಳೂ ಅವಳೇ. "ಸಂಜಿ ಐದಕ್ಕ ಬಾ, ನಾನು ಕುಂದ್ರಿಸಿರ್ತೀನಿ" ಎಂದಳು. ನಾನು ಮೇಲಕ್ಕೆ ಬರೆದು ಅನುಮತಿ ತರಿಸಿದೆ. ಸಂಜೆ ಐದಕ್ಕೆ ಕೆಸರು ಕಾಲಿನ ತಾಯಂದಿರು ಬರತೊಡಗಿದರು. ಮೀಟಿಂಗಿನಲ್ಲಿ ಅದನ್ನು ಹೊಸ ವಿಧಾನವೆಂದು ಹೊಗಳಿದಾಗ ನಾನು ಗಂಭೀರವಾಗಿ ಕೂತಿದ್ದೆ.

ಈಗ ಎಲ್ಲ ಮೊಬೈಲಿನಲ್ಲಿದೆ. ಯಾವ ಕೂಸಿಗೆ ಯಾವ ಲಸಿಕೆ ಬಾಕಿ ಎಂದು ಫೋನೇ ಹೇಳುತ್ತದೆ, ತವರಿನಲ್ಲಿ ಹಾಕಿಸಿದ್ದೂ ಗಂಡನ ಮನೆಯ ಊರಿನಲ್ಲಿ ಕಾಣುತ್ತದೆ. ಒಳ್ಳೆಯದೇ. ಸೀರೆಯ ಮಡಿಕೆಗೆ ಇನ್ನು ಕೆಲಸವಿಲ್ಲ.

ಹೋದ ತಿಂಗಳು ಲಿಂಗಸುಗೂರಿನಲ್ಲಿ ನನ್ನ ಮಗಳ ಕೂಸಿಗೆ ಒಂದೂವರೆ ತಿಂಗಳ ಲಸಿಕೆ. ಮಗಳಿಗೆ ಸೊಂಟ ಹಿಡಿದಿತ್ತು, ನಾನು ಎತ್ತಿಕೊಂಡು ಹೋದೆ. ಅಲ್ಲಿದ್ದ ಸಿಸ್ಟರ್‌ಗೆ ಇಪ್ಪತ್ತೈದೂ ಇರಲಿಕ್ಕಿಲ್ಲ, ನನ್ನ ಗುರುತಿಲ್ಲ. ನಾನೂ ಹೇಳಲಿಲ್ಲ. ತಪ್ಪು ಮಾಡುತ್ತಾಳೇನೋ ಎಂದು ಕಣ್ಣಿಟ್ಟು ನೋಡುತ್ತಿದ್ದೆ. ಕೈ ತೊಳೆದಳು, ಸೀಸೆ ಓದಿದಳು, ಎಲ್ಲ ಸರಿಯಾಗಿತ್ತು, ನನಗೆ ಸ್ವಲ್ಪ ನಿರಾಸೆಯೇ ಆಯಿತು.

"ಅಜ್ಜಿ, ಕಾಲು ಗಟ್ಟಿ ಹಿಡೀರಿ" ಎಂದಳು.

ಇದೇ ಮಾತನ್ನು ನಾನು ಸಾವಿರಾರು ತಾಯಂದಿರಿಗೆ ಗದರಿ ಹೇಳಿದ್ದೇನೆ. ಕೈ ಸಡಿಲ ಬಿಟ್ಟವರನ್ನು, ಮುಖ ಆಚೆ ತಿರುಗಿಸಿದವರನ್ನು ಕಂಡು ಒಳಗೊಳಗೇ ನಕ್ಕಿದ್ದೇನೆ. ಆ ಪುಟ್ಟ ತೊಡೆ ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಕೂಸು ನನ್ನನ್ನೇ ನೋಡಿ ನಗುತ್ತಿತ್ತು. ಸೂಜಿ ಹತ್ತಿರ ಬಂತು. ನನ್ನ ಕೈ ತಾನಾಗಿಯೇ ಸಡಿಲಾಯಿತು.

"ಗಟ್ಟಿ ಅಂದ್ನಲ್ರಿ ಅಜ್ಜಿ" ಎಂದು ಆಕೆ ಗದರಿದಳು.

ಗಟ್ಟಿಯಾಗಿ ಹಿಡಿದೆ, ಮುಖ ಗೋಡೆಯ ಕಡೆ ತಿರುಗಿಸಿ. ಕೂಸು ಚೀರಿತು. ಮೂವತ್ತು ವರ್ಷ ನಾನು ಚುಚ್ಚುವುದೇ ಕಷ್ಟದ ಕೆಲಸ ಎಂದುಕೊಂಡಿದ್ದೆ.